ಹಳೇ ಬಟ್ಟೆ, ಹಳೇ ಸಾಮಾನು: ಕತ್ತರಿ ಹಾಕುವ ಮೊದಲು ಏನೇನು ಉಳಿಸಿಕೊಳ್ಳಬಹುದು ನೋಡಿ

ಯಾರೋ ಹಾಕಿ ಬಿಟ್ಟ ಶರ್ಟ್ ಒಂದನ್ನು ಕೈಗೆ ತಗೊಂಡಾಗ ಎಲ್ಲರೂ ಮೊದಲು ನೋಡುವುದು ಬಣ್ಣ ಮತ್ತು ಅಳತೆ. ನಾನು ಮೊದಲು ನೋಡುವುದು ಕಾಲರ್, ಗುಂಡಿಪಟ್ಟಿ, ಜೇಬು, ಕೆಳಗಿನ ಅಂಚು. ಯಾಕೆಂದರೆ ಹೊಲಿಗೆಯಲ್ಲಿ ಕಷ್ಟದ ಕೆಲಸ ಅಂತ ಇರುವುದು ಇವೇ. ನೇರ ಹೊಲಿಗೆ ಯಾರು ಬೇಕಾದರೂ ಎರಡು ದಿನದಲ್ಲಿ ಕಲಿಯಬಹುದು, ಆದರೆ ಸಾಲಾಗಿ ಆರು ಕಾಜಾ ಮಾಡುವುದು, ಕಾಲರ್ ಕೂರಿಸುವುದು, ಪ್ಯಾಂಟಿಗೆ ಜಿಪ್ ಹಾಕುವುದು, ಇದೆಲ್ಲ ಕೈ ಪಳಗಿದವರಿಗೂ ತಾಳ್ಮೆ ಕೆಡಿಸುವ ಕೆಲಸ. ಹಳೇ ಬಟ್ಟೆಯಲ್ಲಿ ಅದನ್ನೆಲ್ಲ ಇನ್ಯಾರೋ ಮಾಡಿ ಮುಗಿಸಿದ್ದಾರೆ. ಅದನ್ನು ಕತ್ತರಿಸಿ ಎಸೆದು, ಬರೀ ಬಟ್ಟೆ ಉಳಿಸಿಕೊಂಡು, ಮತ್ತೆ ಮೊದಲಿಂದ ಶುರು ಮಾಡಿದರೆ ಉಳಿತಾಯ ಎಲ್ಲಿ ಬಂತು?

ಕೆಳಗೆ ಹೇಳಿರುವ ಎಲ್ಲದಕ್ಕೂ ಇದೇ ತಳಹದಿ. ಮೇಜು ಕುರ್ಚಿಗೂ ಅಷ್ಟೇ: ಮರದ ಜೋಡಣೆ ಗಟ್ಟಿಯಾಗಿದ್ದರೆ ಉಳಿದದ್ದೆಲ್ಲ ಮೇಲುಮೇಲಿನ ಕೆಲಸ.

ಆರಿಸುವಾಗ

ಹಳೇ ಸಾಮಾನು ಮಾರುವ ಅಂಗಡಿಗೆ ಹೋದಾಗ ಬಟ್ಟೆಯನ್ನು ಬೆಳಕಿಗೆ ಹಿಡಿಯಿರಿ. ಮೊಣಕೈ, ಕಂಕುಳು, ಪ್ಯಾಂಟಿನ ಹಿಂಭಾಗ, ತೊಡೆಗಳ ನಡುವೆ, ಈ ಜಾಗಗಳು ಮೊದಲು ಸವೆಯುತ್ತವೆ. ಬೆಳಕು ಅಲ್ಲಿ ಮಾತ್ರ ಜಾಸ್ತಿ ತೂರಿ ಬಂದರೆ ಬಟ್ಟೆ ಸೋತಿದೆ ಅಂತ ಅರ್ಥ, ಹೊಲಿಗೆ ಹಾಕಿದರೆ ಹೊಲಿಗೆಯ ಪಕ್ಕದಲ್ಲೇ ಹರಿಯುತ್ತದೆ. ಆ ಭಾಗ ಬಿಟ್ಟು ಉಳಿದದ್ದು ಸಾಕಾಗುತ್ತದೆ ಅಂತ ಲೆಕ್ಕ ಹಾಕಿಕೊಂಡು ತಗೊಳ್ಳುವುದಾದರೆ ಸರಿ.

ಇಲಾಸ್ಟಿಕ್ ಇದ್ದರೆ ಎಳೆದು ನೋಡಿ. ಎಳೆದಾಗ ಚಿಟಿಚಿಟಿ ಸದ್ದು ಬಂದರೆ ಒಳಗಿನ ರಬ್ಬರ್ ಒಣಗಿದೆ. ಸೊಂಟದ ಪಟ್ಟಿಯ ಇಲಾಸ್ಟಿಕ್ ಆದರೆ ಬದಲಾಯಿಸಬಹುದು, ಬಟ್ಟೆಯ ನೇಯ್ಗೆಯಲ್ಲೇ ಸೇರಿರುವುದಾದರೆ ಅದನ್ನು ಅಲ್ಲೇ ಬಿಟ್ಟು ಬನ್ನಿ. ಜಿಪ್ ಅನ್ನು ಮೇಲಿಂದ ಕೆಳಗೆ ಎರಡು ಮೂರು ಸಲ ಆಡಿಸಿ. ಒಳಮಗ್ಗುಲು ತಿರುಗಿಸಿ ಹೊಲಿಗೆಯ ಪಕ್ಕ ಎಷ್ಟು ಬಟ್ಟೆ ಬಿಟ್ಟಿದ್ದಾರೆ ನೋಡಿ. ಒಂದೂವರೆ ಸೆಂಟಿಮೀಟರ್ ಇದ್ದರೆ ಬೇಕಾದಾಗ ಸ್ವಲ್ಪ ಸಡಿಲ ಮಾಡಿಕೊಳ್ಳಬಹುದು. ಓವರ್‌ಲಾಕ್ (ಅಂಚಿಗೆ ದಾರ ಸುತ್ತುವ ಹೊಲಿಗೆ) ಮಾಡಿ ಬುಡಕ್ಕೇ ಕತ್ತರಿಸಿದ್ದರೆ ಆ ಆಸೆ ಬಿಡಿ.

ಅಳತೆಯ ವಿಷಯದಲ್ಲಿ ಒಂದೇ ಮಾತು. ದೊಡ್ಡದನ್ನು ಸಣ್ಣ ಮಾಡಬಹುದು, ಸಣ್ಣದನ್ನು ದೊಡ್ಡದು ಮಾಡುವುದು ರಗಳೆ. ಹಾಗಾಗಿ ನಿಮ್ಮ ಅಳತೆಯ ಸಾಲಿನಲ್ಲಿ ಮಾತ್ರ ಹುಡುಕಬೇಡಿ, ಅತಿ ದೊಡ್ಡ ಅಳತೆಯ ಗಂಡಸರ ಶರ್ಟುಗಳ ಕಡೆ ಹೋಗಿ. ಒಳ್ಳೇ ಹತ್ತಿ ಬಟ್ಟೆ ಅಷ್ಟು ಅಗಲಕ್ಕೆ ಬೇರೆ ಕಡೆ ಸಿಗುವುದು ಕಷ್ಟ. ಬೆಡ್‌ಶೀಟ್, ಮೇಜುಬಟ್ಟೆ, ಪರದೆ, ಇವು ಕೂಡ ಬಟ್ಟೆಯೇ ಅಲ್ವಾ, ಉಡುಪಿನ ಸಾಲಿನಲ್ಲಿ ಇಲ್ಲದ ಕಾರಣಕ್ಕೆ ಯಾರೂ ನೋಡುವುದಿಲ್ಲ ಅಷ್ಟೇ.

ಮತ್ತೆ, ಏನು ಮಾಡುತ್ತೀರಿ ಅಂತ ಗೊತ್ತಿಲ್ಲದೆ ತರಬೇಡಿ. ಅಗ್ಗ ಅಂತ ತಂದು ಮೂಟೆ ಕಟ್ಟಿಟ್ಟ ಬಟ್ಟೆ ಉಳಿತಾಯ ಅಲ್ಲ.

ಮನೆಯೊಳಗೆ ಬರುವ ಮೊದಲು

ತಂದ ಬಟ್ಟೆಯನ್ನು ನೇರ ಕಪಾಟಿಗೆ ಇಡಬೇಡಿ. ಚೀಲದಲ್ಲೇ ಕಟ್ಟಿಟ್ಟು, ಬಟ್ಟೆ ತಡೆಯುವಷ್ಟು ಬಿಸಿ ನೀರಿನಲ್ಲಿ ಒಗೆಯಿರಿ. ತಿಗಣೆಯ ಭಯ ಇದ್ದರೆ ಡ್ರೈಯರ್‌ನ ಅತಿ ಹೆಚ್ಚಿನ ಬಿಸಿಯಲ್ಲಿ ಅರ್ಧ ಗಂಟೆ ತಿರುಗಿಸಿದರೆ ಹುಳುವೂ ಮೊಟ್ಟೆಯೂ ಸಾಯುತ್ತವೆ. ಬಿಸಿ ತಡೆಯದ ಉಣ್ಣೆಯಂಥದ್ದನ್ನು ಪ್ಲಾಸ್ಟಿಕ್ ಚೀಲದಲ್ಲಿ ಮುಚ್ಚಿ, ಮೈನಸ್ 18 ಡಿಗ್ರಿ ಇರುವ ಫ್ರೀಜರ್‌ನಲ್ಲಿ 4 ದಿನ ಇಡಬೇಕು. ಮರದ ಸಾಮಾನಿನ ಸಂದು, ಸ್ಕ್ರೂ ತೂತು, ಡ್ರಾಯರ್‌ನ ಅಡಿಭಾಗ, ಎಲ್ಲವನ್ನೂ ಟಾರ್ಚ್ ಬಿಟ್ಟು ನೋಡಿ. ಸಣ್ಣ ದುಂಡು ತೂತುಗಳ ಕೆಳಗೆ ಹೊಸದಾಗಿ ಪುಡಿ ಬಿದ್ದಿದ್ದರೆ ಮರ ಕೊರೆಯುವ ಹುಳು ಇನ್ನೂ ಒಳಗಿದೆ. ಅಂಥದ್ದು ಪುಕ್ಕಟೆ ಕೊಟ್ಟರೂ ಬೇಡ.

ಒಗೆಯುವುದಕ್ಕೆ ಇನ್ನೊಂದು ಕಾರಣ ಇದೆ. ಕುಗ್ಗುವುದಿದ್ದರೆ ಕತ್ತರಿಸುವ ಮೊದಲೇ ಕುಗ್ಗಲಿ.

ಇದು ಯಾವ ಬಟ್ಟೆ?

ಲೇಬಲ್ ಹರಿದು ಹೋಗಿರುತ್ತದೆ, ಅಥವಾ ಅಕ್ಷರ ಅಳಿಸಿರುತ್ತದೆ. ಬಣ್ಣ ಕಟ್ಟುವುದಿದ್ದರೆ, ಇಸ್ತ್ರಿ ಮಾಡುವುದಿದ್ದರೆ, ನೂಲು ಯಾವುದು ಅಂತ ಗೊತ್ತಿರಲೇಬೇಕು. ಒಳಗಿನ ಅಂಚಿನಿಂದ ನಾಲ್ಕೈದು ಎಳೆ ಕಿತ್ತು, ಚಿಮ್ಮಟದಲ್ಲಿ ಹಿಡಿದು, ಸಿಂಕ್ ಮೇಲೆ ಬೆಂಕಿ ತಾಗಿಸಿ. ಹತ್ತಿ ಮತ್ತು ಲಿನನ್ ಕಾಗದ ಸುಟ್ಟ ವಾಸನೆ ಬಂದು ಬೂದು ಬಣ್ಣದ ಮೆತ್ತನೆ ಬೂದಿ ಆಗುತ್ತವೆ. ಉಣ್ಣೆ ಮತ್ತು ರೇಷ್ಮೆ ಕೂದಲು ಸುಟ್ಟ ವಾಸನೆ, ಕಪ್ಪು ಬೂದಿ, ಬೆರಳಲ್ಲಿ ಒತ್ತಿದರೆ ಪುಡಿಯಾಗುತ್ತದೆ. ಪಾಲಿಯೆಸ್ಟರ್ ಸುಡುವುದಕ್ಕಿಂತ ಕರಗುತ್ತದೆ, ತುದಿಯಲ್ಲಿ ಗಟ್ಟಿ ಮಣಿ ಉಳಿಯುತ್ತದೆ. ಎರಡೂ ಲಕ್ಷಣ ಒಟ್ಟಿಗೆ ಕಂಡರೆ ಅದು ಬೆರಕೆ ನೂಲು. ಕರಗಿದ ಹನಿ ಚರ್ಮಕ್ಕೆ ಅಂಟಿದರೆ ಬಿಡುವುದಿಲ್ಲ, ಆದ್ದರಿಂದ ಬರಿಗೈಯಲ್ಲಿ ಹಿಡಿಯಬೇಡಿ. ಪಕ್ಕದಲ್ಲಿ ನೀರು ಇರಲಿ.

ದೊಡ್ಡ ಶರ್ಟನ್ನು ಮೈಗೆ ಹೊಂದಿಸುವುದು

ಶರ್ಟನ್ನು ಒಳಮಗ್ಗುಲು ತಿರುಗಿಸಿ ಹಾಕಿಕೊಳ್ಳಿ, ಗುಂಡಿ ಎಲ್ಲ ಹಾಕಿ. ಎರಡೂ ಪಕ್ಕಗಳಲ್ಲಿ ಸಮನಾಗಿ ಬಟ್ಟೆ ಹಿಡಿದು ಕಂಕುಳಿನಿಂದ ಕೆಳಗಿನವರೆಗೆ ಪಿನ್ ಮಾಡಿ. ಇನ್ನೊಬ್ಬರು ಮಾಡಿಕೊಟ್ಟರೆ ಒಳ್ಳೆಯದು, ಒಬ್ಬರೇ ಮಾಡಿಕೊಂಡರೆ ಮೈ ತಿರುಗಿಸುವಾಗ ಒಂದು ಪಕ್ಕ ಜಾಸ್ತಿ ಬಿಗಿಯಾಗುತ್ತದೆ. ಬಿಚ್ಚಿ ಮೇಜಿನ ಮೇಲೆ ಹರಡಿ, ಎರಡೂ ಪಕ್ಕ ಅಳೆದು ಸರಿ ಮಾಡಿ, ಪಿನ್ ಇರುವ ಜಾಗಕ್ಕೆ ಚಾಕ್‌ನಲ್ಲಿ ಗೆರೆ ಎಳೆಯಿರಿ.

ಗೆರೆ ಎಳೆಯುವಾಗ ಕಂಕುಳಿನಲ್ಲಿ ನಿಲ್ಲಿಸಬೇಡಿ. ತೋಳಿನ ಮಧ್ಯದಿಂದ ಶುರುವಾಗಿ ಕಂಕುಳಿನಲ್ಲಿ ನಿಧಾನ ತಿರುಗಿ ಕೆಳಗಿನ ಅಂಚಿನವರೆಗೆ ಒಂದೇ ಗೆರೆ ಬರಬೇಕು. ಕಂಕುಳಿನಲ್ಲಿ ಮೂಲೆ ಮಾಡಿದರೆ ಕೈ ಎತ್ತಿದಾಗ ಎಳೆಯುತ್ತದೆ, ಅಲ್ಲೇ ಹರಿಯುತ್ತದೆ. ಮೊದಲು ಕೈಯಲ್ಲಿ ದೊಡ್ಡ ದೊಡ್ಡ ಕಚ್ಚಾ ಹೊಲಿಗೆ ಹಾಕಿ, ಹಾಕಿಕೊಂಡು, ಕೈ ಎತ್ತಿ, ಕೂತು, ಬಗ್ಗಿ ನೋಡಿ. ಎದೆಯ ಸುತ್ತಳತೆಗಿಂತ ಒಟ್ಟು ಕನಿಷ್ಠ 8 ಸೆಂಟಿಮೀಟರ್ ಸಡಿಲ ಇರಲಿ, ಹಿಗ್ಗದ ಬಟ್ಟೆಗೆ ಅಷ್ಟು ಬೇಕೇ ಬೇಕು. ಸರಿ ಅನಿಸಿದ ಮೇಲೆ ಮಿಷನ್ ಹೊಲಿಗೆ, ಎರಡೂವರೆ ಮಿಲಿಮೀಟರ್ ಉದ್ದದ್ದು. ಒಂದು ಸಲ ಒಗೆದು ಹಾಕಿಕೊಂಡ ಮೇಲಷ್ಟೇ ಹೆಚ್ಚಿನ ಬಟ್ಟೆ ಕತ್ತರಿಸಿ, ಅಂಚಿಗೆ ಜಿಗ್‌ಜ್ಯಾಗ್ ಹಾಕಿ.

ಬೆನ್ನಿನಲ್ಲಿ ಮಾತ್ರ ಉಬ್ಬಿಕೊಂಡಿದ್ದರೆ ಪಕ್ಕ ಮುಟ್ಟುವುದೇ ಬೇಡ. ಬೆನ್ನುಮೂಳೆಯ ಎರಡೂ ಕಡೆ ಒಂದೊಂದು ಉದ್ದನೆ ಡಾರ್ಟ್ (ಒಳಮಗ್ಗುಲಲ್ಲಿ ಮಡಿಚಿ ಹೊಲಿಯುವ ಮಡಿಕೆ) ಹಿಡಿಯಿರಿ, ಸೊಂಟದ ಹತ್ತಿರ ಅಗಲ, ಎರಡು ತುದಿಗೂ ಚೂಪು. ಅರ್ಧ ಗಂಟೆಯ ಕೆಲಸ.

ಹೆಗಲು ಮಾತ್ರ ಬೇರೆ ಕಥೆ. ಹೆಗಲಿನ ಹೊಲಿಗೆ ತೋಳಿನ ಮೇಲೆ ಮೂರು ಸೆಂಟಿಮೀಟರ್‌ಗಿಂತ ಕೆಳಗೆ ಜಾರಿದ್ದರೆ ತೋಳು ಪೂರ್ತಿ ಬಿಚ್ಚಿ ಮತ್ತೆ ಕೂರಿಸಬೇಕು. ಹೊಸಬರು ಅದಕ್ಕೆ ಕೈ ಹಾಕುವುದಕ್ಕಿಂತ ತೋಳು ತೆಗೆದು, ಅಂಚನ್ನು ಒಳಕ್ಕೆ ಮಡಿಚಿ, ತೋಳಿಲ್ಲದ ಅಂಗಿ ಮಾಡಿಕೊಳ್ಳುವುದು ಮೇಲು.

ಅದೇ ಶರ್ಟಿನಿಂದ ದಿಂಬಿನ ಕವರ್

ಇದು ನನಗೆ ಎಲ್ಲಕ್ಕಿಂತ ಇಷ್ಟ, ಯಾಕೆಂದರೆ ಇಲ್ಲಿ ಜಿಪ್ ಹಾಕುವ ಕೆಲಸವೇ ಇಲ್ಲ. ಶರ್ಟಿನ ಗುಂಡಿಪಟ್ಟಿಯೇ ಕವರಿನ ಬಾಯಿ.

40 ಸೆಂಟಿಮೀಟರ್ ಚೌಕದ ದಿಂಬಿಗೆ 42 ಸೆಂಟಿಮೀಟರ್ ಚೌಕದ ರಟ್ಟು ಒಂದನ್ನು ಕತ್ತರಿಸಿಕೊಳ್ಳಿ. ಇಸ್ತ್ರಿ ಮಾಡಿದ ಶರ್ಟಿಗೆ ಗುಂಡಿ ಎಲ್ಲ ಹಾಕಿ, ಮೇಜಿನ ಮೇಲೆ ಹರಡಿ. ಕಂಕುಳಿನ ಕೆಳಗಿನ ಭಾಗದ ಮೇಲೆ ರಟ್ಟನ್ನಿಡಿ, ಗುಂಡಿಪಟ್ಟಿ ಸರಿಯಾಗಿ ನಡುವೆ ಬರಲಿ. ಇಲ್ಲಿ ಒಂದು ಸಣ್ಣ ವಿಷಯ ಗಮನಿಸಬೇಕು. ರಟ್ಟಿನ ಮೇಲಿನ ಅಂಚು ಅಥವಾ ಕೆಳಗಿನ ಅಂಚಿನ ಹತ್ತಿರಕ್ಕೆ ಗುಂಡಿ ಬಂದರೆ ಮಿಷನ್ನಿನ ಪಾದ (ಸೂಜಿಯ ಬಳಿ ಬಟ್ಟೆ ಒತ್ತಿ ಹಿಡಿಯುವ ತುಂಡು) ಅದಕ್ಕೆ ತಾಗಿ ಹೊಲಿಗೆ ಸೊಟ್ಟಗಾಗುತ್ತದೆ. ಅಂಚಿನಿಂದ ಗುಂಡಿಗೆ 3 ಸೆಂಟಿಮೀಟರ್ ದೂರ ಬರುವ ಹಾಗೆ ರಟ್ಟನ್ನು ಮೇಲೆ ಕೆಳಗೆ ಸರಿಸಿ. ಆಗದಿದ್ದರೆ ಆ ಒಂದು ಗುಂಡಿ ಬಿಚ್ಚಿ ತೆಗೆದು, ಪಟ್ಟಿಯನ್ನು ಅಷ್ಟು ದೂರ ಹೊಲಿದು ಮುಚ್ಚಿಬಿಡಿ.

ಮುಂದಿನ ಭಾಗ, ಹಿಂದಿನ ಭಾಗ ಎರಡನ್ನೂ ಒಟ್ಟಿಗೆ ಪಿನ್ ಮಾಡಿ ಒಂದೇ ಸಲ ಕತ್ತರಿಸಿ. ಪಟ್ಟಿಯ ಮೇಲಿನ ತುದಿ, ಕೆಳಗಿನ ತುದಿ ಎರಡೂ ಕಡೆ ಅಡ್ಡಕ್ಕೆ ಒಂದೊಂದು ಹೊಲಿಗೆ ಹಾಕಿ, ಇಲ್ಲದಿದ್ದರೆ ಮುಂದಿನ ಹೊಲಿಗೆಯಲ್ಲಿ ಎರಡು ಪದರ ಜಾರುತ್ತವೆ. ಈಗ ಎರಡೂ ತುಂಡುಗಳ ಚೆಂದದ ಮುಖ ಒಳಗೆ ಬರುವ ಹಾಗೆ ಇಟ್ಟು, ನಡುವಿನ ಎರಡು ಗುಂಡಿ ಬಿಚ್ಚಿಟ್ಟು (ಕೊನೆಗೆ ತಿರುಗಿಸಲು ದಾರಿ ಬೇಕಲ್ಲ), ಸುತ್ತಲೂ ಒಂದು ಸೆಂಟಿಮೀಟರ್ ಒಳಗೆ ಹೊಲಿಯಿರಿ. ಮೂಲೆಗೆ ಬಂದಾಗ ಸೂಜಿ ಬಟ್ಟೆಯೊಳಗೇ ಇರಲಿ, ಪಾದ ಎತ್ತಿ ಬಟ್ಟೆ ತಿರುಗಿಸಿ. ಅಂಚಿಗೆ ಜಿಗ್‌ಜ್ಯಾಗ್, ಮೂಲೆಯ ಹೆಚ್ಚಿನ ಬಟ್ಟೆ ಓರೆಯಾಗಿ ಕತ್ತರಿಸಿ, ಗುಂಡಿಬಾಯಿಯಿಂದ ತಿರುಗಿಸಿ. ದಿಂಬು ಉಬ್ಬಿ ತುಂಬಿಕೊಂಡಂತೆ ಕಾಣಬೇಕು ಅಂದರೆ ರಟ್ಟನ್ನು 42ರ ಬದಲು 40 ಮಾಡಿ. ಬಳಸಿ ಬಳಸಿ ಚಪ್ಪಟೆಯಾದ ದಿಂಬಿಗೆ ಈ ಎರಡು ಸೆಂಟಿಮೀಟರ್ ದೊಡ್ಡ ವ್ಯತ್ಯಾಸ ಮಾಡುತ್ತದೆ.

ಉಳಿದ ತೋಳುಗಳನ್ನು ಎಸೆಯಬೇಡಿ. ತೋಳು ಅಂದರೆ ಒಂದು ಪಕ್ಕ ಆಗಲೇ ಹೊಲಿದ ಕೊಳವೆ. ಕೆಳಗೆ ಮುಚ್ಚಿ ಮೇಲೆ ದಾರ ಎಳೆದರೆ ಚೀಲ ಸಿದ್ಧ.

ಜೀನ್ಸ್

ಜೀನ್ಸ್ ಉದ್ದ ಕಡಿಮೆ ಮಾಡುವಾಗ ಎಲ್ಲರೂ ಮಾಡುವುದು ಕೆಳಗಿನಿಂದ ಕತ್ತರಿಸಿ ಹೊಸದಾಗಿ ಮಡಿಚಿ ಹೊಲಿಯುವುದು. ಹಾಗೆ ಮಾಡಿದರೆ ಹಳೇ ಅಂಚಿನ ಆ ಸವೆದ ಬಿಳಿ ಗೆರೆಗಳು, ದಪ್ಪ ಕಿತ್ತಳೆ ದಾರದ ಹೊಲಿಗೆ ಎಲ್ಲ ಹೋಗಿ, ಕಾಲಿನ ಕೊನೆ ಮಾತ್ರ ಬೇರೆ ಪ್ಯಾಂಟಿನದ್ದು ಅನ್ನುವ ಹಾಗೆ ಕಾಣುತ್ತದೆ. ಹಳೇ ಅಂಚನ್ನೇ ಉಳಿಸಿಕೊಳ್ಳುವ ದಾರಿ ಇದೆ.

ಒಟ್ಟು 6 ಸೆಂಟಿಮೀಟರ್ ಕಡಿಮೆ ಆಗಬೇಕು ಅಂದುಕೊಳ್ಳಿ. ಅದರ ಅರ್ಧ 3. ಪ್ಯಾಂಟಿನ ಕೆಳಭಾಗವನ್ನು ಹೊರಗಡೆಗೆ ಮೇಲಕ್ಕೆ ಮಡಿಚಿ. ಈಗ ಹಳೇ ಮಡಿಕೆಯ ಹೊಲಿಗೆಯಿಂದ ಕೆಳಗಿನ ಹೊಸ ಮಡಿಕೆಯವರೆಗೆ ಅಳೆಯಿರಿ. ಅಲ್ಲಿ 3 ಸೆಂಟಿಮೀಟರ್ ಬರಬೇಕು, ಹಳೇ ಅಂಚಿನ ಅಗಲವನ್ನು ಲೆಕ್ಕಕ್ಕೆ ಸೇರಿಸಬಾರದು. ಸುತ್ತಲೂ ಪಿನ್ ಮಾಡಿ, ಹಳೇ ಹೊಲಿಗೆಗೆ ಅಂಟಿಕೊಂಡ ಹಾಗೆ, ಅದರ ಮೇಲೆ ಹತ್ತದ ಹಾಗೆ, ಹೊಸ ಹೊಲಿಗೆ ಹಾಕಿ. ನಂತರ ಅಂಚನ್ನು ಕೆಳಕ್ಕೆ ಬಿಡಿಸಿ, ಉಳಿದ ಮಡಿಕೆಯನ್ನು ಒಳಕ್ಕೆ ತಳ್ಳಿ, ಬಿಸಿ ಇಸ್ತ್ರಿ ಒತ್ತಿ. ಹೊಸ ಹೊಲಿಗೆ ಹಳೆಯದರ ನೆರಳಿನಲ್ಲೇ ಅಡಗಿ ಹೋಗುತ್ತದೆ. ಬೆಳೆಯುವ ಮಕ್ಕಳ ಪ್ಯಾಂಟ್ ಆದರೆ ಒಳಗಿನ ಬಟ್ಟೆ ಕತ್ತರಿಸಬೇಡಿ, ಮುಂದಿನ ವರ್ಷ ಬಿಚ್ಚಿದರೆ ಉದ್ದ ವಾಪಸ್ ಬರುತ್ತದೆ.

ಡೆನಿಮ್‌ಗೆ ಜೀನ್ಸ್ ಸೂಜಿಯೇ ಬೇಕು, 90 ಅಥವಾ 100 ನಂಬರಿನದ್ದು. ಪಕ್ಕದ ಹೊಲಿಗೆ ಸೇರುವಲ್ಲಿ ಬಟ್ಟೆ ಆರೇಳು ಪದರ ಆಗಿರುತ್ತದೆ. ಮಿಷನ್ನಿನ ಪಾದ ಅಲ್ಲಿ ಹತ್ತುವಾಗ ಮೂತಿ ಮೇಲೆ ಮಾಡಿ ನಿಂತುಬಿಡುತ್ತದೆ. ಆಗ ಮಡಿಚಿದ ಡೆನಿಮ್ ಚೂರೊಂದನ್ನು ಪಾದದ ಹಿಂಭಾಗದ ಕೆಳಗೆ ಇಟ್ಟರೆ ಪಾದ ಸಮವಾಗುತ್ತದೆ, ಸಲೀಸಾಗಿ ದಾಟುತ್ತದೆ. ಅಷ್ಟು ದಪ್ಪ ಇರುವ ಕಡೆ ಮೋಟಾರ್ ಒತ್ತಬೇಡಿ, ಚಕ್ರವನ್ನು ಕೈಯಲ್ಲೇ ತಿರುಗಿಸಿ.

ಜೇಬಿನ ಮೂಲೆಯ ತಾಮ್ರದ ಗುಬ್ಬಿಗಳ (ರಿವೆಟ್) ಮೇಲೆ ಸೂಜಿ ಓಡಿಸಿದರೆ ಮುರಿಯುವುದು ಖಂಡಿತ. ಆ ಗುಬ್ಬಿಗಳಿಗೇ 1873ರಲ್ಲಿ ಲೆವಿ ಸ್ಟ್ರಾಸ್ ಮತ್ತು ಜೇಕಬ್ ಡೇವಿಸ್ ಎಂಬ ದರ್ಜಿ ಸೇರಿ ಪೇಟೆಂಟ್ ಪಡೆದದ್ದು, ಎಳೆದರೂ ಜೇಬು ಕೀಳದಿರಲಿ ಅಂತ. ಹಳೇ ಜೀನ್ಸ್‌ನ ಕಾಲು ಸವೆದು ಹೋದ ಮೇಲೂ ಹಿಂದಿನ ಜೇಬು ಗಟ್ಟಿಯಾಗೇ ಇರುತ್ತದೆ. ಜೇಬಿನ ಸುತ್ತ ಒಂದು ಸೆಂಟಿಮೀಟರ್ ಬಿಟ್ಟು, ಹಿಂದಿನ ಪದರವನ್ನೂ ಸೇರಿಸಿ ಕತ್ತರಿಸಿ ತೆಗೆಯಿರಿ. ಅಂಥ ಜೇಬುಗಳನ್ನು ದಪ್ಪ ಬಟ್ಟೆಯ ಮೇಲೆ ಸಾಲಾಗಿ ಹೊಲಿದು ಗೋಡೆಗೆ ತೂಗುಹಾಕಿದರೆ ಕತ್ತರಿ, ಟೇಪು, ಪೆನ್ನು, ಚಾರ್ಜರ್ ಎಲ್ಲಕ್ಕೂ ಜಾಗ ಆಯಿತು. ಅಂಚು ಬಿಚ್ಚಿಕೊಳ್ಳುತ್ತದೆ ಅಂತ ಹೆದರಬೇಡಿ. ಡೆನಿಮ್‌ನ ಉದ್ದನೆ ಎಳೆ ನೀಲಿ, ಅಡ್ಡ ಎಳೆ ಬಿಳಿ, ಅದು ಬಿಚ್ಚಿಕೊಂಡಾಗ ಬರುವ ಬಿಳಿ ಜಾಲರಿಯನ್ನೇ ಅಲಂಕಾರ ಮಾಡಿಕೊಳ್ಳಬಹುದು. ಎಷ್ಟು ದೂರಕ್ಕೆ ಬೇಕೋ ಅಲ್ಲಿಗೆ ಒಂದು ಹೊಲಿಗೆ ಹಾಕಿ, ಅದರಾಚೆ ಎಳೆ ಬಿಚ್ಚಿ.

ಟೀಶರ್ಟ್ ಮತ್ತು ಸ್ವೆಟರ್

ಟೀಶರ್ಟಿನ ಹೆಣಿಗೆ ಬಟ್ಟೆ ಕತ್ತರಿಸಿದರೂ ಎಳೆ ಬಿಚ್ಚುವುದಿಲ್ಲ, ಸುಮ್ನೆ ಸುರುಳಿ ಸುತ್ತಿಕೊಳ್ಳುತ್ತದೆ. ಈ ಗುಣದಿಂದಲೇ ಅದರಿಂದ ದಪ್ಪ ದಾರ ಮಾಡಬಹುದು. ಪಕ್ಕದಲ್ಲಿ ಹೊಲಿಗೆ ಇಲ್ಲದ ಟೀಶರ್ಟ್ ಆದರೆ ಉತ್ತಮ. ಕಂಕುಳಿನ ಕೆಳಗೆ ಅಡ್ಡಕ್ಕೆ ಕತ್ತರಿಸಿ, ಕೆಳಗಿನ ಮಡಿಕೆಯನ್ನೂ ತೆಗೆದುಬಿಡಿ. ಉಳಿದ ಕೊಳವೆಯನ್ನು, ಒಂದು ಪಕ್ಕ ಇನ್ನೊಂದು ಪಕ್ಕಕ್ಕಿಂತ 3 ಸೆಂಟಿಮೀಟರ್ ಹಿಂದೆ ನಿಲ್ಲುವ ಹಾಗೆ ಮಡಿಚಿ. ಮಡಿಚಿದ ಕಡೆಯಿಂದ ಎರಡೂವರೆ ಸೆಂಟಿಮೀಟರ್ ಅಗಲದ ಪಟ್ಟಿಗಳಾಗಿ ಕತ್ತರಿಸುತ್ತಾ ಹೋಗಿ, ಆದರೆ ಆ ಹೊರಚಾಚಿದ 3 ಸೆಂಟಿಮೀಟರ್ ಭಾಗ ಮುಟ್ಟಬೇಡಿ. ಕೊನೆಗೆ ಅದನ್ನು ಬಿಡಿಸಿ ಹರಡಿ, ಒಂದು ಪಟ್ಟಿಯಿಂದ ಪಕ್ಕದ ಪಟ್ಟಿಗೆ ಓರೆಯಾಗಿ ಕತ್ತರಿಸಿದರೆ ಇಡೀ ಟೀಶರ್ಟ್ ಒಂದೇ ಉದ್ದನೆ ಪಟ್ಟಿ ಆಗುತ್ತದೆ. ಎಳೆದರೆ ತಾನೇ ಸುತ್ತಿಕೊಂಡು ದಾರ.

ಮೂರು ಎಳೆ ಜಡೆ ಹೆಣೆದು, ಸುರುಳಿ ಸುತ್ತಿ, ಗಟ್ಟಿ ದಾರದಲ್ಲಿ ಒಂದಕ್ಕೊಂದು ಹೊಲಿದರೆ ಕಾಲೊರೆಸು ಆಗುತ್ತದೆ. ಹೊಲಿಯುವಾಗ ತೊಡೆಯ ಮೇಲೆ ಇಟ್ಟುಕೊಳ್ಳಬೇಡಿ. ಚಪ್ಪಟೆ ಮೇಜಿನ ಮೇಲೇ ಇರಲಿ, ಮತ್ತು ಜಡೆಯನ್ನು ಬಿಗಿ ಎಳೆಯದೆ ಸಡಿಲ ಬಿಡಿ. ಎಳೆದರೆ ನಡು ತಗ್ಗಾಗಿ ಅಂಚು ಮೇಲೇಳುತ್ತದೆ, ಎಷ್ಟು ಇಸ್ತ್ರಿ ಹಾಕಿದರೂ ಕೂರುವುದಿಲ್ಲ.

ಟೀಶರ್ಟನ್ನು ಮಿಷನ್ನಿನಲ್ಲಿ ಹೊಲಿಯುವುದಿದ್ದರೆ ತುದಿ ದುಂಡಗಿರುವ ಬಾಲ್‌ಪಾಯಿಂಟ್ ಸೂಜಿ ಹಾಕಿ. ಚೂಪು ಸೂಜಿ ಹೆಣಿಗೆಯ ಕುಣಿಕೆಯನ್ನೇ ತೂತು ಮಾಡುತ್ತದೆ, ನಾಲ್ಕು ಸಲ ಒಗೆದ ಮೇಲೆ ಆ ತೂತು ದೊಡ್ಡದಾಗುತ್ತದೆ. ನೇರ ಹೊಲಿಗೆಯೂ ಬೇಡ, ಕಿರಿದಾದ ಜಿಗ್‌ಜ್ಯಾಗ್ ಹಾಕಿದರೆ ಬಟ್ಟೆಯ ಜೊತೆ ಹೊಲಿಗೆಯೂ ಹಿಗ್ಗುತ್ತದೆ.

ಸ್ವೆಟರ್ ಕತ್ತರಿಸಿದರೆ ಎಳೆ ಬಿಚ್ಚಿಕೊಳ್ಳುತ್ತದೆ ಅನ್ನುವುದು ನಿಜ, ಆದರೆ ಪೂರ್ತಿ ಉಣ್ಣೆಯದ್ದಾದರೆ ಮೊದಲು ಅದನ್ನು ಬೇಕಂತಲೇ ಕುಗ್ಗಿಸಬಹುದು. 60 ಡಿಗ್ರಿ ಬಿಸಿ ನೀರು, ಸ್ವಲ್ಪ ಸೋಪು, ಉಜ್ಜಾಟಕ್ಕೆ ಜೊತೆಯಲ್ಲಿ ಒಂದೆರಡು ಹಳೇ ಜೀನ್ಸ್. ಉಣ್ಣೆಯ ಎಳೆಯ ಮೇಲಿನ ಸಣ್ಣ ಚಿಪ್ಪುಗಳು ಬಿಸಿ ಮತ್ತು ತಿಕ್ಕಾಟಕ್ಕೆ ಒಂದಕ್ಕೊಂದು ಸಿಕ್ಕಿಹಾಕಿಕೊಂಡು ಬಟ್ಟೆ ದಪ್ಪಗಾಗುತ್ತದೆ. ಹೆಣಿಗೆಯ ಕಣ್ಣುಗಳು ಕಾಣದ ಹಾಗಾದರೆ ಕೆಲಸ ಆಯಿತು, ಇಲ್ಲದಿದ್ದರೆ ಇನ್ನೊಂದು ಸುತ್ತು. ಸ್ವೆಟರನ್ನು ಜಾಲರಿ ಚೀಲದಲ್ಲಿ ಹಾಕಿ, ಇಲ್ಲವಾದರೆ ಉದುರುವ ತುಪ್ಪಟ ಮಿಷನ್ನಿನ ಫಿಲ್ಟರ್ ಕಟ್ಟುತ್ತದೆ. ಲೇಬಲ್ ಮೇಲೆ ಸೂಪರ್‌ವಾಶ್ ಅಂತಿದ್ದರೆ ಇದು ನಡೆಯುವುದಿಲ್ಲ, ಆ ಚಿಪ್ಪುಗಳನ್ನು ಕಾರ್ಖಾನೆಯಲ್ಲೇ ತೆಗೆದೋ ಮುಚ್ಚಿಯೋ ಇರುತ್ತಾರೆ. ಹೀಗೆ ದಪ್ಪಗಾದ ಉಣ್ಣೆಗೆ ಅಂಚು ಹೊಲಿಯುವ ಕೆಲಸ ಇಲ್ಲ, ಕತ್ತರಿಸಿದ್ದೇ ಅಂಚು. ಕೈಗವಸು, ಬಿಸಿ ಪಾತ್ರೆಯ ಕೆಳಗಿಡುವ ಬಿಲ್ಲೆ, ಶೂ ಒಳಗಿನ ಮೆತ್ತೆ, ಎಲ್ಲ ಆಗುತ್ತದೆ.

ತೂತು, ಕಲೆ

ಮುಚ್ಚುವುದು ಕಷ್ಟವಾದರೆ ತೋರಿಸಿಬಿಡಿ. ಜಪಾನಿನ ಸಾಶಿಕೋ ಕೆಲಸದಲ್ಲಿ ಮಾಡುವುದು ಅದನ್ನೇ: ಹಿಂದೆ ತೇಪೆ ಇಟ್ಟು, ಎದ್ದು ಕಾಣುವ ದಪ್ಪ ದಾರದಲ್ಲಿ ಸಾಲು ಸಾಲು ಸಾದಾ ಹೊಲಿಗೆ. ತೇಪೆ ತೂತಿಗಿಂತ ಎಲ್ಲ ಕಡೆ ಎರಡು ಮೂರು ಸೆಂಟಿಮೀಟರ್ ದೊಡ್ಡದಿರಲಿ, ಸುತ್ತಲಿನ ಸೋತ ಬಟ್ಟೆಗೂ ಆಸರೆ ಸಿಗಬೇಕು. ಪ್ರತಿ ಸಾಲಿನ ಕೊನೆಯಲ್ಲಿ ದಾರವನ್ನು ಸ್ವಲ್ಪ ಸಡಿಲ ಬಿಟ್ಟು ತಿರುಗಿ, ಇಲ್ಲದಿದ್ದರೆ ಬಟ್ಟೆ ಸುಕ್ಕಾಗುತ್ತದೆ.

ಎದೆಯ ಮೇಲೆ ಒಂದೇ ಕಲೆ ಇದ್ದರೆ ಅದರ ಮೇಲೆ ಜೇಬು ಕೂರಿಸಿ. ಜೇಬಿಗೆ ಬಟ್ಟೆ ಎಲ್ಲಿಂದ ಅಂದರೆ, ಅದೇ ಶರ್ಟಿನ ತೋಳು ಗಿಡ್ಡ ಮಾಡಿ.

ಬಣ್ಣ ಕಟ್ಟುವುದು

ಬಣ್ಣ ಹಳೆಯದನ್ನು ಮುಚ್ಚುವುದಿಲ್ಲ, ಅದರ ಜೊತೆ ಬೆರೆಯುತ್ತದೆ. ಹಳದಿ ಶರ್ಟಿಗೆ ನೀಲಿ ಹಾಕಿದರೆ ಹಸಿರು. ಗಾಢ ಬಣ್ಣದ ಬಟ್ಟೆಯನ್ನು ತಿಳಿ ಮಾಡಲು ಬಣ್ಣದಿಂದ ಆಗುವುದಿಲ್ಲ. ಹತ್ತಿಗೆ ರಿಯಾಕ್ಟಿವ್ ಬಣ್ಣ ಮತ್ತು ವಾಷಿಂಗ್ ಸೋಡ, ಉಣ್ಣೆ ರೇಷ್ಮೆಗೆ ಆಸಿಡ್ ಬಣ್ಣ ಮತ್ತು ವಿನೆಗರ್. ಪಾಲಿಯೆಸ್ಟರ್‌ಗೆ ಬೇರೆಯದೇ ಬಣ್ಣ ಮತ್ತು ಕುದಿಯುವ ಬಿಸಿ ಬೇಕು, ಮನೆಯಲ್ಲಿ ಅದರ ಗೋಜಿಗೆ ಹೋಗದಿರುವುದೇ ವಾಸಿ. ಹತ್ತಿ ಶರ್ಟಾದರೂ ಹೊಲಿದ ದಾರ ಹೆಚ್ಚಾಗಿ ಪಾಲಿಯೆಸ್ಟರ್ ಆಗಿರುತ್ತದೆ, ಅದಕ್ಕೆ ಬಣ್ಣ ಹತ್ತುವುದಿಲ್ಲ. ಕಪ್ಪು ಕಟ್ಟಿದ ಬಿಳಿ ಶರ್ಟಿನಲ್ಲಿ ಹೊಲಿಗೆ ಮಾತ್ರ ಬಿಳಿಯಾಗಿ ಉಳಿಯುತ್ತದೆ ಅಂತ ಮೊದಲೇ ತಿಳಿದಿರಲಿ. ನೋಡಲು ಚೆನ್ನಾಗೇ ಇರುತ್ತದೆ ಅನ್ನಿ.

ಈರುಳ್ಳಿ ಸಿಪ್ಪೆಯಿಂದಲೂ ಬಣ್ಣ ಬರುತ್ತದೆ, ಹಳದಿಯಿಂದ ಕಂದುಗಿತ್ತಳೆಯವರೆಗೆ. ಒಣ ಬಟ್ಟೆ 100 ಗ್ರಾಂ ಇದ್ದರೆ ಒಣ ಸಿಪ್ಪೆಯೂ ಸುಮಾರು ಅಷ್ಟೇ, ಪಟಿಕ 15 ಗ್ರಾಂ. ಮೊದಲು ಪಟಿಕದ ಬಿಸಿ ನೀರಿನಲ್ಲಿ ಬಟ್ಟೆ ಒಂದು ಗಂಟೆ, ನಂತರ ಸಿಪ್ಪೆ ಕುದಿಸಿ ಸೋಸಿದ ನೀರಿನಲ್ಲಿ ಸಣ್ಣ ಉರಿಯಲ್ಲಿ ಒಂದು ಗಂಟೆ. ಉಣ್ಣೆ, ರೇಷ್ಮೆಗೆ ಚೆನ್ನಾಗಿ ಹತ್ತುತ್ತದೆ, ಹತ್ತಿಗೆ ತೆಳುವಾಗಿ. ಈ ಪಾತ್ರೆ ಮತ್ತೆ ಅಡುಗೆಗೆ ಬೇಡ.

ಬ್ಲೀಚ್ ಬಳಸುವವರಿಗೆ ಒಂದು ಎಚ್ಚರಿಕೆ. ಉಣ್ಣೆ ಮತ್ತು ರೇಷ್ಮೆಯನ್ನು ಕ್ಲೋರಿನ್ ಬ್ಲೀಚ್ ಕರಗಿಸಿ ತಿಂದುಬಿಡುತ್ತದೆ, ಹಿಗ್ಗುವ ಬಟ್ಟೆಯ ಸ್ಪ್ಯಾಂಡೆಕ್ಸನ್ನೂ ಹಾಳು ಮಾಡುತ್ತದೆ. ಬ್ಲೀಚ್ ಕೆಲಸ ನಿಲ್ಲಿಸಲು ವಿನೆಗರ್ ಹಾಕಿ ಅಂತ ಹೇಳುವವರಿದ್ದಾರೆ, ಖಂಡಿತ ಹಾಕಬೇಡಿ. ಎರಡೂ ಸೇರಿದರೆ ಕ್ಲೋರಿನ್ ಅನಿಲ ಬರುತ್ತದೆ. ಅಮೋನಿಯ ಇರುವ ಕ್ಲೀನರ್ ಸೇರಿದರೂ ವಿಷದ ಹೊಗೆಯೇ. ಚೆನ್ನಾಗಿ ಜಾಲಿಸಿ, ನಂತರ ನೀರು ಬೆರೆಸಿದ ಹೈಡ್ರೋಜನ್ ಪೆರಾಕ್ಸೈಡ್‌ನಲ್ಲಿ ಅದ್ದಿದರೆ ಬ್ಲೀಚ್ ನಿಲ್ಲುತ್ತದೆ.

ಪರದೆ, ಕುರ್ಚಿ, ದೀಪ

ಬೆಡ್‌ಶೀಟ್‌ನಿಂದ ಪರದೆ ಮಾಡಲು ಹೊಲಿಗೆಯೇ ಬೇಡ ಅನ್ನಬಹುದು. ಶೀಟಿನ ತಲೆಯ ಕಡೆ ಅಗಲವಾದ ಮಡಿಕೆ ಇರುತ್ತದಲ್ಲ, ಅದರ ಎರಡು ತುದಿಗಳ ಹೊಲಿಗೆ ಮಾತ್ರ ಬಿಚ್ಚಿ. ಪರದೆಯ ಸರಳು ತೂರಿಸುವ ದಾರಿ ಅದೇ. ನಾಲ್ಕು ಸುತ್ತಲೂ ಅಂಚು ಹೊಲಿದದ್ದೇ ಇದೆ. ಸರಳಿನ ಉದ್ದಕ್ಕಿಂತ ಬಟ್ಟೆ ಒಂದೂವರೆಯಿಂದ ಎರಡು ಪಟ್ಟು ಅಗಲ ಇದ್ದರೆ ನೆರಿಗೆ ಚೆನ್ನಾಗಿ ಬೀಳುತ್ತದೆ, ಕಡಿಮೆ ಇದ್ದರೆ ಒಣಹಾಕಿದ ಶೀಟ್ ಹಾಗೇ ಕಾಣುತ್ತದೆ.

ಊಟದ ಮೇಜಿನ ಕುರ್ಚಿಗಳಲ್ಲಿ ಸೀಟು ಸಾಮಾನ್ಯವಾಗಿ ಬೇರೆ ತುಂಡು. ಕುರ್ಚಿ ಬೋರಲು ಹಾಕಿದರೆ ನಾಲ್ಕು ಸ್ಕ್ರೂ ಕಾಣುತ್ತವೆ. ಬಿಚ್ಚಿ, ಹಳೇ ಬಟ್ಟೆಯ ಸ್ಟೇಪಲ್‌ಗಳನ್ನು ಚಪ್ಪಟೆ ಸ್ಕ್ರೂಡ್ರೈವರ್‌ನಿಂದ ಎಬ್ಬಿಸಿ ತೆಗೆಯಿರಿ. ಹಳೇ ಬಟ್ಟೆ ಹರಿಯದ ಹಾಗೆ ತೆಗೆಯಿರಿ, ಹೊಸದನ್ನು ಕತ್ತರಿಸಲು ಅದೇ ಅಳತೆ. ಹೊಸ ಬಟ್ಟೆ ಹೊದಿಸಿ ಮೊದಲು ನಾಲ್ಕೂ ಬದಿಯ ನಡುವೆ ಒಂದೊಂದು ಸ್ಟೇಪಲ್ ಹೊಡೆಯಿರಿ, ಎದುರುಬದುರು, ಎಳೆದು ಹಿಡಿದು. ನಂತರ ನಡುವಿನಿಂದ ಮೂಲೆಯ ಕಡೆಗೆ. ಮೂಲೆ ಕೊನೆಗೆ. ಒಂದು ಬದಿ ಪೂರ್ತಿ ಹೊಡೆದು ಇನ್ನೊಂದಕ್ಕೆ ಹೋದರೆ ಬಟ್ಟೆಯ ಗೆರೆಗಳು ಓರೆಯಾಗುತ್ತವೆ. ಹಳೇ ಜೀನ್ಸ್, ದಪ್ಪ ಪರದೆ, ಕೋಟಿನ ಬಟ್ಟೆ, ಎಲ್ಲ ಇದಕ್ಕೆ ಒಗ್ಗುತ್ತವೆ. ತೆಳು ಶರ್ಟಿನ ಬಟ್ಟೆ ತಡೆಯುವುದಿಲ್ಲ.

ಮರಕ್ಕೆ ಪೇಂಟ್ ಮಾಡುವುದಿದ್ದರೆ ಸಮಯದ ಮುಕ್ಕಾಲು ಪಾಲು ತಯಾರಿಗೆ ಹೋಗುತ್ತದೆ, ಹೋಗಲಿ. ಜಿಡ್ಡು ತೊಳೆದು ಒಣಗಿಸಿ, 120 ನಂಬರಿನ ಉಪ್ಪುಕಾಗದ, ನಂತರ 220, ಧೂಳು ಒರೆಸಿ, ಪ್ರೈಮರ್, ಆಮೇಲೆ ತೆಳುವಾಗಿ ಎರಡು ಮೂರು ಕೋಟ್. ಒಂದೇ ದಪ್ಪ ಕೋಟ್ ಹೊಡೆದರೆ ಇಳಿಯುತ್ತದೆ, ಅಂಟಂಟಾಗಿ ಉಳಿಯುತ್ತದೆ. ಲ್ಯಾಮಿನೇಟ್ ಮೈ ಆದರೆ 220ರಿಂದ ಹಗುರಾಗಿ ಉಜ್ಜಿ ಹೊಳಪು ತೆಗೆದು, ಚೆನ್ನಾಗಿ ಹಿಡಿಯುವ ಪ್ರೈಮರ್ ಹಾಕಬೇಕು. ಮುಟ್ಟಿದರೆ ಒಣಗಿದಂತಿದ್ದರೂ ಪೇಂಟ್ ಪೂರ್ತಿ ಗಟ್ಟಿಯಾಗಲು ಕೆಲವು ವಾರ ಬೇಕು, ಅಲ್ಲಿಯವರೆಗೆ ಮೇಲೆ ಭಾರ ಇಡಬೇಡಿ.

ತುಂಬ ಹಳೇ ಪೇಂಟ್ ಇರುವ ಸಾಮಾನನ್ನು ಒಣ ಉಪ್ಪುಕಾಗದದಿಂದ ಉಜ್ಜಲೇಬೇಡಿ. ಹಿಂದೆ ಪೇಂಟಿಗೆ ಸೀಸ ಬೆರೆಸುತ್ತಿದ್ದರು. ಅಮೆರಿಕದಲ್ಲಿ ಮನೆಬಳಕೆಯ ಪೇಂಟಿನಲ್ಲಿ ಅದನ್ನು ನಿಷೇಧಿಸಿದ್ದು 1978ರಲ್ಲಿ, ಭಾರತದಲ್ಲಿ 90 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ 90 ಭಾಗ) ಮಿತಿ ಜಾರಿಗೆ ಬಂದದ್ದು 2017ರಲ್ಲಿ. ಆ ಧೂಳು ಮಕ್ಕಳಿಗೆ ಬಹಳ ಕೆಟ್ಟದ್ದು. ಮನೆಯಲ್ಲಿ ಮಗು ಇದ್ದರೆ ಅಂಥ ತೊಟ್ಟಿಲು, ಆಟದ ಕುರ್ಚಿ ತರದಿರುವುದೇ ಕ್ಷೇಮ.

ಚಿತ್ರದ ಚೌಕಟ್ಟು ಕೊಳ್ಳುವಾಗ ಒಳಗಿನ ಚಿತ್ರ ನೋಡಬೇಡಿ, ಮೂಲೆಗಳು ಬಿಗಿಯಾಗಿವೆಯಾ ನೋಡಿ. ಬಳಸಲಾಗದಷ್ಟು ಸವೆದ ಒಳ್ಳೇ ಬಟ್ಟೆಯ ಉಳಿದ ತುಂಡನ್ನು ರಟ್ಟಿಗೆ ಎಳೆದು ಸುತ್ತಿ ಹಿಂದೆ ಅಂಟಿಸಿ ಕೂರಿಸಿದರೆ ಆಯಿತು. ಅದಕ್ಕೂ ಸಾಲದ ಚೂರುಗಳು ಕೌದಿಗೆ.

ಇನ್ನು ದೀಪದ ಮಬ್ಬು ಮುಚ್ಚಳ, ಅಂದರೆ ಲ್ಯಾಂಪ್ ಶೇಡ್. ಹಳೇ ಬಟ್ಟೆ ಹರಿದು ತೆಗೆದು ತಂತಿಯ ಚೌಕಟ್ಟು ಉಳಿಸಿಕೊಳ್ಳುವುದಕ್ಕಿಂತ, ಹಳೇ ಹೊದಿಕೆ ಗಟ್ಟಿ ಇದ್ದರೆ ಅದರ ಮೇಲೇ ಹೊಸದು ಅಂಟಿಸುವುದು ಸುಲಭ. ಮೇಲೆ ಕಿರಿದು ಕೆಳಗೆ ಅಗಲ ಇರುವ ಆಕಾರಕ್ಕೆ ಅಳತೆ ತೆಗೆಯಲು ದೊಡ್ಡ ಕಾಗದದ ಮೇಲೆ ಅದನ್ನು ಮಲಗಿಸಿ, ಹೊಲಿಗೆ ಗೆರೆಯಿಂದ ಶುರು ಮಾಡಿ ಮತ್ತೆ ಅದೇ ಗೆರೆ ಬರುವವರೆಗೆ ನಿಧಾನ ಉರುಳಿಸುತ್ತಾ ಮೇಲಿನ ಅಂಚು, ಕೆಳಗಿನ ಅಂಚು ಎರಡನ್ನೂ ಪೆನ್ಸಿಲ್‌ನಲ್ಲಿ ಗುರುತು ಮಾಡಿ. ಬಿಲ್ಲಿನಂತೆ ಬಾಗಿದ ಆಕಾರ ಸಿಗುತ್ತದೆ. ಸುತ್ತಲೂ ಒಂದೂವರೆ ಸೆಂಟಿಮೀಟರ್ ಜಾಸ್ತಿ ಬಿಟ್ಟು ಬಟ್ಟೆ ಕತ್ತರಿಸಿ, ತೆಳುವಾಗಿ ಗೋಂದು ಹಚ್ಚಿ, ಅಂಚನ್ನು ಒಳಕ್ಕೆ ಮಡಿಚಿ. ಒಳಗೆ ಎಲ್‌ಇಡಿ ಬಲ್ಬ್ ಮಾತ್ರ ಹಾಕಿ, ಹಳೇ ತಂತಿ ಬಲ್ಬಿನ ಬಿಸಿಗೆ ಬಟ್ಟೆ ಕಂದುತ್ತದೆ, ಕೆಲವೊಮ್ಮೆ ಸುಟ್ಟೇ ಹೋಗುತ್ತದೆ. ವೈರ್ ಮೇಲಿನ ಹೊದಿಕೆ ಬಿರುಕು ಬಿಟ್ಟಿದ್ದರೆ, ಪ್ಲಗ್ ಸಡಿಲ ಇದ್ದರೆ, ಟೇಪು ಸುತ್ತಿ ಸುಮ್ಮನಾಗಬೇಡಿ, ಎಲೆಕ್ಟ್ರಿಷಿಯನ್ ಹತ್ತಿರ ವೈರ್, ಹೋಲ್ಡರ್ ಎರಡೂ ಬದಲಾಯಿಸಿಕೊಂಡ ಮೇಲೆ ಮುಚ್ಚಳದ ಕೆಲಸಕ್ಕೆ ಕೂತುಕೊಳ್ಳಿ.